ಮಂಚದ ಕೆಳಗಿನ ಬಾತುಗಳು

"ದೇವರಾಣೆ! ನಮ್ಮನೇಲಿ ಒಂದು ಪುಕ್ಕಾನೂ ಇಲ್ಲ ಕಣಮ್ಮಾ!" ಬಾಗಿಲಿಗೆ ಅಡ್ಡ ನಿಂತ ಹಮೀದಾ ಇಡೀ ಓಣಿಗೆ ಕೇಳುವಂತೆ ಕೂಗಿದಳು. ನೈಲ್ ನದಿಯ ಬಯಲಿನ ಆ ಹಳ್ಳಿಗೆ ಹಕ್ಕಿಜ್ವರ ನುಗ್ಗಿತ್ತು. ಸರ್ಕಾರದವರು ಮಾಳಿಗೆ ಮಾಳಿಗೆ ಹತ್ತಿ ಕೋಳಿ, ಬಾತುಗಳನ್ನು ಹಿಡಿದೊಯ್ಯುತ್ತಿದ್ದರು. ಯಾರಿಗೆ ಜ್ವರ, ಯಾರಿಗೆ ಕೆಮ್ಮು ಎಂದು ವಿಚಾರಿಸುತ್ತ ಆರೋಗ್ಯ ಕಾರ್ಯಕರ್ತೆ ಸನಿಯ್ಯಾ ದಿನವೂ ಬಾಗಿಲು ತಟ್ಟುತ್ತಿದ್ದಳು. ಹಮೀದಾಳ ಬಾತುಗಳು ಮಾತ್ರ ಸೊಸೆ ನಗ್ಲಾಳ ಮಂಚದ ಕೆಳಗೆ ಬೆಚ್ಚಗಿದ್ದವು! ಹಬ್ಬಕ್ಕೆ ಮಗಳ ಗಂಡನ ಮನೆಗೆ ಕೊಬ್ಬಿದ ಬಾತು ಹೊತ್ತು ಹೋಗದವಳೂ ಒಬ್ಬ ತಾಯಿಯೇ? ಬರಿಗೈಲಿ ಹೋದರೆ ಮಾನ ಹೋಗುತ್ತದೆ!

"ಬಾಯಿ ಬಿಟ್ಟೆಯೋ, ತವರಿನ ದಾರಿ ಹಿಡಿ," ಎಂದು ಸೊಸೆಯನ್ನು ಗದರಿಸಿದ್ದಳು.

ನಗ್ಲಾ ಬಾಯಿ ಬಿಡಲಿಲ್ಲ. ಬಾತುಗಳಿಗೆ ಮೇವು ಹಾಕಿದಳು, ಹಿಕ್ಕೆ ಬಳಿದಳು, ಅವುಗಳ ಮೇಲಿನ ಮಂಚದಲ್ಲೇ ಮಲಗಿದಳು. ಒಂದು ಬಾತು ಸತ್ತಾಗ ಅತ್ತೆ ಸದ್ದಿಲ್ಲದೆ ಅದನ್ನು ಹೂತುಬಂದಳು. ಆಮೇಲೆ ನಗ್ಲಾಳಿಗೆ ಜ್ವರ ಬಂತು... ಮರುದಿನ ಬಾಗಿಲಿಗೆ ಬಂದ ಸನಿಯ್ಯಾ ಒಳಗಿನ ಕೆಮ್ಮು ಕೇಳಿದ್ದೇ ತಡ, ಹಮೀದಾಳನ್ನು ಪಕ್ಕಕ್ಕೆ ಸರಿಸಿ ನುಗ್ಗಿದಳು. ಹುಡುಗಿಯ ತುಟಿ ನೀಲಿಯಾಗಿತ್ತು! ಹಿಡಿ, ಎತ್ತು, ಗಾಡಿ ಕರೆ ಎನ್ನುವಷ್ಟರಲ್ಲಿ ಓಣಿಯೇ ಪಟ್ಟಣದ ಆಸ್ಪತ್ರೆಯವರೆಗೆ ಹಿಂಬಾಲಿಸಿತು.

"ಕೋಳಿ, ಬಾತು ಏನಾದ್ರೂ ಮುಟ್ಟಿದ್ದೀಯೇನಮ್ಮಾ? ನಿಜ ಹೇಳು. ಮುಟ್ಟಿದ್ರೆ ಔಷಧಿಯೇ ಬೇರೆ," ಎಂದರು ಡಾಕ್ಟರು.

ನಗ್ಲಾ ಅತ್ತೆಯ ಮುಖ ನೋಡಿದಳು.

"ಇಲ್ಲ... ನಮ್ಮನೇಲಿ... ಒಂದು ಪುಕ್ಕಾನೂ ಇಲ್ಲ..."

ಡಾಕ್ಟರು ಬರಿಯ ಕಫದ ಜ್ವರವೆಂದುಕೊಂಡು ತಿರುಗಿದರು. ಹಮೀದಾ ಸೊಸೆಯ ನೀಲಿ ತುಟಿಯನ್ನೇ ನೋಡಿದಳು. ಅಯ್ಯೋ! ನನ್ನ ಸುಳ್ಳನ್ನು ಕಾಪಾಡಲು ಈ ಹುಡುಗಿ ತನ್ನ ಉಸಿರನ್ನೇ ಕೊಡುತ್ತಿದ್ದಾಳಲ್ಲಾ!

"ನಿಲ್ಲೀ ಡಾಕ್ಟ್ರೇ!" ಅವಳು ಚೀರಿದಳು. "ಸುಳ್ಳು! ಬಾತು ಇವೆ! ಇವಳ ಮಂಚದ ಕೆಳಗೆ ನಾನೇ ಇಟ್ಟೆ, ಈ ಪಾಪಿ ಕೈಯಿಂದಲೇ ಇಟ್ಟೆ! ಸತ್ತದ್ದನ್ನ ಹೂತವಳೂ ನಾನೇ! ಮಾನ ಹೋದ್ರೆ ಹೋಗ್ಲಿ, ನನ್ನ ಮಗೂನ ಉಳಿಸೀ...!"

ಓಣಿಯ ಹೆಂಗಸರು ಬಾಯಿಗೆ ಮುಸುಕು ಒತ್ತಿಕೊಂಡರು. ಡಾಕ್ಟರು ಓಡಿದರು, ಔಷಧಿ ಬಂತು, ಆಮ್ಲಜನಕ ಬಂತು. ಸನಿಯ್ಯಾ ಥರ್ಮಾಮೀಟರು ಇಟ್ಟು ನೋಡಿದರೆ ಹಮೀದಾಳ ಮೈಯೂ ಕಾದಿತ್ತು. ಅತ್ತೆ ಸೊಸೆಯರಿಬ್ಬರನ್ನೂ ಉಳಿದವರಿಂದ ಪ್ರತ್ಯೇಕವಾಗಿ ಒಂದೇ ಕೋಣೆಯಲ್ಲಿಟ್ಟರು.

"ಸಾಯಬೇಡ ಕಣೇ," ಎಂದು ಹಮೀದಾ ಪಕ್ಕದ ಮಂಚದಿಂದ ಗೋಗರೆಯುತ್ತಲೇ ಇದ್ದಳು. "ನೀನಿಲ್ದೆ ನಾನ್ಯಾರನ್ನ ಬೈಯಲೇ?"

ಹೇಗೋ ದಿನಗಳು ಕಳೆದವು. ಒಂದು ಬೆಳಗ್ಗೆ ನಗ್ಲಾ ಕಣ್ಣು ತೆರೆದು, "ಅತ್ತೆ... ಹಸಿವು..." ಎಂದಳು.

ಅಷ್ಟೇ! ಹಮೀದಾ ಮಂಚದಿಂದ ಜಿಗಿದಳು. ಮದುವೆಮನೆಯಲ್ಲಿ ಹೆಂಗಸರು ನಾಲಿಗೆ ಹೊರಳಿಸಿ ಕೂಗುತ್ತಾರಲ್ಲ, ಹಾಗೆ "ಲುಲುಲುಲೂ...!" ಎಂದು ಮಾಸ್ಕಿನೊಳಗಿಂದಲೇ ಕೂಗಿಬಿಟ್ಟಳು! ಏನಾಯಿತೋ ಎಂದು ನರ್ಸುಗಳು ಓಡಿಬಂದರು. ಕೆಳಗೆ ಸುದ್ದಿಗಾಗಿ ಕಾದಿದ್ದ ಓಣಿಯ ಹೆಂಗಸರೂ ಅಳುತ್ತ, ನಗುತ್ತ ಕೂಗಿಗೆ ಕೂಗು ಸೇರಿಸಿದರು.

ಹಮೀದಾ ಕಿಟಕಿಯ ಗಾಜಿಗೆ ಮುಖ ಒತ್ತಿ ಕೆಳಗಿನವರಿಗೆ ಅಬ್ಬರಿಸಿದಳು: "ಕೂಗಿದ್ದು ಸಾಕು! ನನ್ನ ಸೊಸೆ ಬದುಕಿದ್ಲು. ನಿಮ್ಮ ಮನೆ ಹೆಣ್ಣುಮಕ್ಕಳಿಗೆ ಏನು ಗತಿ? ಯಾರ್ಯಾರ ಮನೇಲಿ ಬಚ್ಚಿಟ್ಟಿದ್ದೀರಿ, ಹೇಳ್ರೇ!"

ಆಸ್ಪತ್ರೆಯ ಅಂಗಳದಲ್ಲಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವರ ನಡುವೆ ನಿಂತಿದ್ದ ಸನಿಯ್ಯಾ ಹೆಸರು ಬರೆದುಕೊಳ್ಳಲು ಪುಸ್ತಕ ತೆರೆದಳು.

ಆಗ ಹಿಂದಿನಿಂದ ಒಬ್ಬಳು ಬಸುರಿ ಮೆಲ್ಲಗೆ ಕೈ ಎತ್ತಿದಳು. "ಸನಿಯ್ಯಾ ಅಕ್ಕಾ... ನಮ್ಮನೆಗೆ ಮೊದಲು ಬನ್ನಿ. ಅತ್ತೆ ಬೈದರೂ ಚಿಂತೆಯಿಲ್ಲ."

ಅವಳ ಪಕ್ಕದಲ್ಲೇ ನಿಂತಿದ್ದ ಅತ್ತೆ ಅವಳ ಕೈಯನ್ನು ಕೆಳಗಿಳಿಸಲಿಲ್ಲ.