ಸಂಪೂರ್ಣ ಆರೈಕೆ

ಸೂಪರ್‌ವೈಸರ್ ಪಟ್ಟ ತನಗೇ ಸಿಗುತ್ತದೆಂದು ನಂಬಿ ಅವನು ಹೊಸ ಶರ್ಟು ಹೊಲಿಸಿಕೊಂಡಿದ್ದ. ಪಟ್ಟ ಷಡ್ಡಕನ ಪಾಲಾಯಿತು. ಷಡ್ಡಕನನ್ನು ಕೆಲಸಕ್ಕೆ ಸೇರಿಸಿದ್ದು ಇವನು, ಸ್ಕ್ರೂಡ್ರೈವರನ್ನು ಯಾವ ಕಡೆಯಿಂದ ಹಿಡಿಯಬೇಕೆಂದು ತೋರಿಸಿಕೊಟ್ಟಿದ್ದು ಇವನು. ಕೊನೆಗೆ ಆ ಹೊಸ ಶರ್ಟು ತೊಟ್ಟು ಅವನ ಕೊರಳಿಗೆ ಹಾರ ಹಾಕಿದ್ದೂ ಇವನೇ.

ಇದಕ್ಕೆಲ್ಲ ಕಾರಣ ಹಲ್ಲಿನ ಡಾಕ್ಟರಮ್ಮ. ಅವರ ಮನೆಯಲ್ಲಿ ಬೇಸಿಗೆಗೆ ತಂಪು, ಚಳಿಗೆ ಬೆಚ್ಚನೆಯ ಗಾಳಿ ಊದುವ ದೊಡ್ಡ ಎ.ಸಿ. ಇತ್ತು; ಅದಕ್ಕೆ ‘ಸಂಪೂರ್ಣ ಆರೈಕೆ’ ಎಂಬ ವಾರಂಟಿಯೂ ಇತ್ತು. ಇವನು ಸರ್ವಿಸ್ ಮುಗಿಸಿ ಗೇಟು ದಾಟುವಷ್ಟರಲ್ಲಿ ಅವರು ಕಂಪನಿಗೆ ಫೋನು ಹಚ್ಚುತ್ತಿದ್ದರು: “ನಿಮ್ಮವನು ಬಂದ, ಹೋದ. ಗಾಳಿ ಮಾತ್ರ ಉಸಿರು ಬಿಟ್ಟ ಹಾಗೇ ಬರ್ತಿದೆ.”

ಇದು ಶುದ್ಧ ಅನ್ಯಾಯ ಎಂದು ಅವನ ಎಣಿಕೆ. ಅವನು ಸರ್ವಿಸ್ ಮಾಡುತ್ತಿರಲಿಲ್ಲ, ಒಳಗಿನ ಫಿಲ್ಟರಿನ ಬೀಗವನ್ನೇ ತೆಗೆಯುತ್ತಿರಲಿಲ್ಲ ಎಂಬುದು ನಿಜ. ಆದರೆ ಮಾಡಿದಂತೆ ಕಾಣಿಸಲು ಅವನು ಪಡುತ್ತಿದ್ದ ಶ್ರಮವನ್ನು ಯಾರಾದರೂ ಲೆಕ್ಕಕ್ಕೆ ತೆಗೆದುಕೊಂಡರೇ? ಹೊರಗಿನ ಜಾಲರಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಒಳಗೆ ನಿಂಬೆ ವಾಸನೆಯ ಸ್ಪ್ರೇ ಹೊಡೆಯಬೇಕು. ಆಮೇಲೆ ಏಣಿ ಹತ್ತಿ, ಫಾಲ್ಸ್ ಸೀಲಿಂಗಿನ ಕಿಂಡಿಯೊಳಗೆ ತಲೆ ತೂರಿಸಿ ಮೊಬೈಲು ನೋಡುತ್ತ, ಆಗಾಗ ಸ್ಪ್ಯಾನರಿನಿಂದ ತಗಡಿಗೆ ಟಣ್ ಎಂದು ಬಡಿಯುತ್ತಿರಬೇಕು. ನಗು ಬಂದರೆ ಕೆಮ್ಮಬೇಕು. ಬೇರೆ ಗಿರಾಕಿಗಳೆಲ್ಲ ಅವನಿಗೆ ಟೀ ಕೊಟ್ಟು ಕಳಿಸುತ್ತಿದ್ದರು.

“ನಿಮ್ಮ ಷಡ್ಡಕಂಗೆ ಗಿರಗಿರ ತಿರುಗೋ ಕುರ್ಚಿ ಕೊಟ್ಟಿದಾರಂತೆ,” ಎಂದಳು ಹೆಂಡತಿ ಬಟ್ಟೆ ಮಡಚುತ್ತ. “ತಂಗಿ ಹೇಳಿದ್ಲು.”

“ತಿರುಗ್ಲಿ ಬಿಡು. ತಲೆ ಸುತ್ತಿ ಬೀಳ್ತಾನೆ.”

“ನೀವು ಏಣಿಯಿಂದ ಬೀಳದಿದ್ರೆ ಸಾಕು.”

ಆ ಏಣಿಯ ಮೇಲೆಯೇ ಅವನ ಕಣ್ಣು ತೆರೆದದ್ದು. ಡಾಕ್ಟರಮ್ಮನ ಮನೆಯ ಕಿಂಡಿಯೊಳಗೆ ಮೊಬೈಲಿನ ಬೆಳಕು ಯಂತ್ರದ ಹಿಂದಿದ್ದ ಬಿಸ್ಕತ್ತಿನ ಡಬ್ಬಿಯ ಮೇಲೆ ಬಿತ್ತು. ಮುಚ್ಚಳ ತೆಗೆದರೆ ದಪ್ಪ ದಪ್ಪ ಚಿನ್ನದ ಬಳೆಗಳು, ಹಳೇ ಕಾಲದವು. ಅವನು ಮುಚ್ಚಳ ಹಾಕಿ, ಅಭ್ಯಾಸಬಲದಿಂದ ತಗಡಿಗೆ ಟಣ್ ಎಂದು ಬಡಿದು, ಕೆಳಗಿಳಿದ. ಅಂದಿನಿಂದ ಅವನ ತಲೆಯಲ್ಲಿ ಬೇರೆ ಯೋಚನೆಯೇ ಇಲ್ಲ.

ಡಬ್ಬಿ ಸುಮ್ಮನೆ ಮಾಯವಾದರೆ ಅನುಮಾನ ನೇರ ಇವನ ಮೇಲೆಯೇ. ಆ ಕಿಂಡಿಯೊಳಗೆ ಇವನ ತಲೆಯ ಹೊರತು ಬೇರೆ ತಲೆ ಹೋದದ್ದಿಲ್ಲ. ಹಾಗಾಗಿ ಇದು ಯಾವನೋ ದಡ್ಡ, ಅವಸರಗೇಡಿ ಕಳ್ಳನ ಕೆಲಸದಂತೆ ಕಾಣಬೇಕು. ದಡ್ಡನಂತೆ ನಟಿಸಲು ಎಷ್ಟೊಂದು ಬುದ್ಧಿ ಬೇಕು ಎಂದುಕೊಂಡು ಅವನು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. ಕನ್ನಡಿಯ ಮುಂದೆ ನಿಂತು ಕಳ್ಳನ ಮುಖ ಮಾಡಿ ನೋಡಿದ. ಹಲ್ಲುನೋವು ಬಂದವನಂತೆ ಕಂಡಿತು. ಜಿರಲೆ ಕಂಡರೆ ಕುರ್ಚಿ ಹತ್ತುವ ತನಗೆ ಇದೆಲ್ಲ ಬೇಕಾ ಎಂದು ಅವನಿಗೇ ನಗು ಬಂತು. ಆದರೆ ಷಡ್ಡಕನ ಕುರ್ಚಿ ನೆನಪಾದ ಕೂಡಲೇ ನಗು ನಿಂತಿತು.

ತಾನು ಬೇರೆಡೆ ಇದ್ದೆನೆಂದು ಹೇಳಲು ಹಿಂದಿನ ರಸ್ತೆಯ ತಾತನೊಬ್ಬ ಸಿಕ್ಕ. ಮಧ್ಯಾಹ್ನ ಕೆಳಗಿನ ಕೋಣೆಯಲ್ಲಿ ಮಲಗುವ ತಾತ ಮೆಟ್ಟಿಲು ಹತ್ತುತ್ತಿರಲಿಲ್ಲ. ಮಹಡಿಯ ಎ.ಸಿ. ಸರ್ವಿಸಿಗೆಂದು ಹೋಗಿ, ಧೂಳು ಊದುವ ಬ್ಲೋವರನ್ನು ಗುರ್ ಎಂದು ಚಾಲೂ ಮಾಡಿಟ್ಟು, ಸರ್ವಿಸಿನ ಚೀಲ ಹೆಗಲಿಗೇರಿಸಿ ಹೊರಗಿನ ಮೆಟ್ಟಿಲಿಂದ ಇಳಿದು ಬಂದರಾಯಿತು. ಹೆಜ್ಜೆಗುರುತಿಗೆಂದು ತನ್ನ ಕಾಲಿಗಿಂತ ದೊಡ್ಡದಾದ ಹಳೆಯ ಬೂಟು ಸಂಪಾದಿಸಿದ.

ಆ ದಿನ ಡಾಕ್ಟರಮ್ಮ ಕ್ಲಿನಿಕ್ಕಿನಲ್ಲಿದ್ದ ಹೊತ್ತಿನಲ್ಲಿ ಎಲ್ಲವೂ ಅಂದುಕೊಂಡಂತೆ ನಡೆಯಿತು. ಬೂಟು ಮಾತ್ರ ಹೂವಿನ ಪಾತಿಯಲ್ಲಿ ಕಾಲಿಗಿಂತ ಮೊದಲೇ ಮುಂದೆ ಹೋಗಿ ಅವನನ್ನು ಎರಡು ಸಲ ಕೆಡವಿತು. ಅಡುಗೆಮನೆಯ ಕಿಟಕಿ ಗಾಜು ಒಡೆದು ಒಳಗೆ ಹೋದ. ಕಪಾಟು ಕಿತ್ತು ಹರಡಿದ, ದಿಂಬು ಹರಿದ, ಬಚ್ಚಲಿನ ಸೀಲಿಂಗನ್ನೂ ಕಿತ್ತ. ಕೊನೆಗೆ ಕಿಂಡಿಯೊಳಗೆ ಇಡೀ ಮೈ ತೂರಿಸಿ ಡಬ್ಬಿ ಕೈಗೆತ್ತಿಕೊಂಡ.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಒಡೆದ ಕಿಟಕಿಯ ಹೊರಗೇ ಬಂದು ನಿಂತು, ಮೊಬೈಲಿನಲ್ಲಿ ಅಕ್ಕನ ಜೊತೆ ಸೊಸೆಯ ದೂರು ಹೇಳತೊಡಗಿದಳು. ಅದು ಮುಗಿಯುವ ದೂರಲ್ಲ. ಅವನು ಯಂತ್ರದ ಪಕ್ಕದಲ್ಲಿ ಬೋರಲಾಗಿ ಉಸಿರು ಬಿಗಿಹಿಡಿದು ಮಲಗಿದ. ಮೂಗಿನ ಮುಂದೆಯೇ ಧೂಳು. ಒಂದು ಸೀನು ಬಂದರೆ ಮುಗಿಯಿತು. ಆದರೆ ಅನುಭವಸ್ಥ ಅಂದಮೇಲೆ ಸುಮ್ಮನೆಯೇ? ಅವನು ಸೀನನ್ನೂ ಗೆದ್ದ. ಸೊಸೆಯ ಪುರಾಣ ಮುಗಿದು ಆಕೆ ಒಳಗೆ ಹೋದಮೇಲೆ ಇಳಿದು, ಹಿಂಬಾಗಿಲಿನಿಂದ ಹೊರಬಿದ್ದು, ತಾತನ ಮಹಡಿ ಸೇರಿ ಬ್ಲೋವರ್ ಆರಿಸಿದ.

“ಮಧ್ಯಾಹ್ನವೆಲ್ಲ ಗುರ್‌ಗುರ್ ಅಂತ ನಿದ್ದೆನೇ ಕೆಡಿಸ್ದೆಯಲ್ಲಪ್ಪ!” ಎಂದು ತಾತ ಬೈದ. ಅಂಥ ಸಿಹಿಯಾದ ಬೈಗುಳವನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ.

ಮರುದಿನ ಷಡ್ಡಕ ತನ್ನ ಕೋಣೆಗೆ ಕರೆಸಿದ. ತಿರುಗುವ ಕುರ್ಚಿಯಲ್ಲಿ ಡಾಕ್ಟರಮ್ಮ ಕೂತಿದ್ದರು, ಪಕ್ಕದಲ್ಲಿ ಇನ್ಸ್‌ಪೆಕ್ಟರ್ ನಿಂತಿದ್ದರು. ಅವನು ಸಿದ್ಧವಾಗಿಯೇ ಬಂದಿದ್ದ. ಮುಖ ಸಣ್ಣದು ಮಾಡಿ, “ಅಮ್ಮಾ, ವಿಷಯ ಕೇಳಿದಾಗಿಂದ ಊಟನೇ ಸೇರ್ತಿಲ್ಲ. ಮನೆಹಾಳ, ಕಿಟಕಿ ಒಡೆದು ಬಂದನಂತೆ!” ಎಂದ.

“ಹೂಂ. ಕಪಾಟು ಒಡೆದ, ದಿಂಬು ಹರಿದ,” ಎಂದರು ಡಾಕ್ಟರಮ್ಮ. “ನಿನ್ನೆ ಬೆಳಿಗ್ಗೆನೂ ಇಲ್ಲಿಗೆ ಫೋನ್ ಮಾಡಿದ್ದೆ, ಎ.ಸಿ. ಗಾಳಿನೇ ಬರ್ತಿಲ್ಲ ಅಂತ. ಸಂಜೆ ಪೊಲೀಸರು ಬಂದಾಗ ಸೆಕೆ ಅಂತ ಹಾಕಿದ್ರೆ, ಇವರು ಚಳಿ ಆಗ್ತಿದೆ ಆರಿಸಿ ಅಂದ್ರು.”

ಇನ್ಸ್‌ಪೆಕ್ಟರ್ ಷಡ್ಡಕನತ್ತ ತಿರುಗಿದರು. “ಒಳಗಿನ ಫಿಲ್ಟರ್ ಯಾರು ಬೇಕಾದ್ರೂ ತೆಗೀಬಹುದಾ?”

“ಛೆ ಛೆ, ಆಗಲ್ಲ ಸಾರ್,” ಎಂದ ಷಡ್ಡಕ ಹೆಮ್ಮೆಯಿಂದ. “ಅದಕ್ಕೆ ನಮ್ಮ ಕಂಪನಿ ಕೀಲಿನೇ ಬೇಕು. ಆ ಏರಿಯಾದ ಕೀಲಿ ಇರೋದು ನಮ್ಮಣ್ಣನ ಹತ್ರ ಮಾತ್ರ. ಅಲ್ವಾ ಅಣ್ಣಾ?”

ಸೀನು ತಡೆಯಲು ತಾನೇನು ಮಾಡಿದೆ ಎಂಬುದು ಅಣ್ಣನಿಗೆ ಈಗ ಮೊದಲ ಬಾರಿಗೆ ನೆನಪಾಯಿತು. ಪಕ್ಕದ ಮನೆಯಾಕೆ ಸೊಸೆಯನ್ನು ಬೈಯುತ್ತಿದ್ದಷ್ಟೂ ಹೊತ್ತು ಕಿವಿ ಅತ್ತ ಇತ್ತು. ಕೈಗಳು ತಮ್ಮ ಪಾಡಿಗೆ ಮೂಗಿನ ಮುಂದಿದ್ದ ಫಿಲ್ಟರಿನ ಬೀಗ ತೆಗೆದು, ಕಂಬಳಿಯಂತೆ ಕೂತಿದ್ದ ಧೂಳನ್ನು ಸದ್ದಿಲ್ಲದೆ ಸುರುಳಿ ಸುತ್ತಿ ಚೀಲಕ್ಕೆ ಹಾಕಿ, ಜಾಲರಿಯ ಕಣ್ಣು ಕಣ್ಣನ್ನೂ ಬ್ರಷ್ಷಿನಿಂದ ಉಜ್ಜಿ, ಮತ್ತೆ ಜಾಗದಲ್ಲಿ ಕೂರಿಸಿ, ಬೀಗ ಹಾಕಿದ್ದವು.