ಕೇಳದೆ ಮಾಡಿದ ಉಪಕಾರ

"ಏಯ್, ನೀಲಿ ಅಂಗಿ! ಹೆಲ್ಮೆಟ್ ಎಲ್ಲಿ?"

ಉದ್ಯಮಬಾಗದ ಪಂಪ್ ಕಾರ್ಖಾನೆಯಲ್ಲಿ ಸಿಬ್ಬಂದಿ ಮ್ಯಾನೇಜರ್ ಆಗಿ ಪದ್ಮಶ್ರೀಗೆ ಅಂದು ಮೊದಲ ದಿನ. ಕೂಗಿದವಳು ಅವಳೇ.

ನೀಲಿ ಅಂಗಿಯವನು ನಿಧಾನವಾಗಿ ತಿರುಗಿದ.

"ಹಾಕ್ಕೋತೀನ್ರಿ ಮೇಡಂ, ತಪ್ಪ ನಂದ. ಆದ್ರ ನನಗ ಬಾಳೇಶ ಅಂತ ಹೆಸರ ಐತ್ರಿ."

ಆ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ... ಅದಕ್ಕೇ ಅವಳಿಗೆ ಹೆಚ್ಚು ನಾಚಿಕೆಯಾಯಿತು.

ಹಲಸಿಯಿಂದ ದಿನಾ ಬೈಕಿನಲ್ಲಿ ಬರುವ ಫಿಟರ್ ಅವನು. ಚಹಾದ ಹೊತ್ತಿನಲ್ಲಿ ಶುರುವಾದ ಮಾತು ದೀಪಾವಳಿಯಷ್ಟರಲ್ಲಿ ಇಬ್ಬರಿಗೂ ರೂಢಿಯಾಗಿತ್ತು. ಅವನು ರಜೆ ಹಾಕಿದ ದಿನ ಅವಳಿಗೆ ಯಾವುದೂ ರುಚಿಸುತ್ತಿರಲಿಲ್ಲ.

ಆಗ ಖಾನಾಪುರದಿಂದ ಕೆಲಸಕ್ಕೆ ಬರುವ ಹೆಣ್ಣುಮಕ್ಕಳು ಪಾಳಿ ಮುಗಿಸುವಷ್ಟರಲ್ಲಿ ಸಂಜೆಯ ಕೊನೆಯ ಬಸ್ಸು ಹೋಗಿಬಿಡುತ್ತಿತ್ತು. ಪದ್ಮಶ್ರೀ ಮಾಲೀಕರೊಂದಿಗೆ ವಾದಿಸಿ ಅವರ ಪಾಳಿಯನ್ನು ನಸುಕಿಗೆ ಬದಲಾಯಿಸಿದಳು. ಬಾಳೇಶ ಮೆಚ್ಚುತ್ತಾನೆಂದು ಕಾದಳು.

ವಾರದೊಳಗೆ ಅವರಲ್ಲೊಬ್ಬಳು, ಲೇಥ್ ಯಂತ್ರ ನಡೆಸುವ ಮಾಲಾ, ಕೆಲಸ ಬಿಟ್ಟಳು!

"ಆಕಿ ಅತ್ತಿ ಹಾಸಿಗಿ ಹಿಡದಾಳ್ರಿ. ಮುಂಜಾನೆ ಆಕೀಗೆ ಉಣಿಸಿ ಬರಬೇಕು" ಎಂದ ಬಾಳೇಶ. "ಒಂದ ಮಾತ ಕೇಳಿದ್ರ ಹೇಳ್ತಿದ್ಳು."

"ನಿಮ್ಮ ಸಲುವಾಗೇ ಜಗಳಾಡಿದ್ನಲ್ಲಾ! ಅದು ಕಾಣ್ಲಿಲ್ಲೇನು?"

"ನಮ್ಮ ಸಲುವಾಗಿ ಜಗಳಾಡಿದ್ರಿ. ನಮ್ಮ ಕೂಡ ಮಾತಾಡ್ಲಿಲ್ಲ."

'ಎಷ್ಟು ಸೊಕ್ಕು ಇವನಿಗೆ!' ಅಂದಿನಿಂದ ಮಾತು ನಿಂತಿತು. ಆದರೆ ಅವನ ಮಾತು ಅವಳನ್ನು ಬಿಡಲಿಲ್ಲ...

ಭಾನುವಾರ ಅವಳು ಖಾನಾಪುರದ ಬಸ್ಸು ಹತ್ತಿ ಮಾಲಾಳ ಮನೆಗೆ ಹೋದಳು.

"ನಿಮಗ ಹ್ಯಾಂಗ ಆದ್ರ ಸರಿ ಆಗತೈತ್ರಿ?"

ಮಾಲಾ ಅವಳ ಮುಖವನ್ನೇ ನೋಡಿದಳು. "ಖರೇ ಕೇಳಾಕತ್ತೀರೇನ್ರೀ?"

ಮರುದಿನ ಮಾಲೀಕರ ಸಭೆಯಲ್ಲಿ ಮಾಲಾಗೂ ಒಂದು ಕುರ್ಚಿ ಇತ್ತು. ಅವಳ ಧ್ವನಿ ನಡುಗಿದಾಗ ನಡುವೆ ಬಾಯಿ ಹಾಕಿ ತಾನೇ ಹೇಳಿಬಿಡಬೇಕೆಂದು ಪದ್ಮಶ್ರೀಗೆ ಅನಿಸಿತು... ತಡೆದುಕೊಂಡಳು. ಮಾಲಾ ತಡವರಿಸುತ್ತಲೇ ಎಲ್ಲವನ್ನೂ ಹೇಳಿ ಮುಗಿಸಿದಳು. ಇನ್ನು ಮೇಲೆ ಯಾರು ಯಾವ ಪಾಳಿ ಎಂಬುದನ್ನು ಕೆಲಸಗಾರರೇ ಕೂಡಿ ಹಂಚಿಕೊಳ್ಳಲಿ ಎಂದು ಮಾಲೀಕರು ಒಪ್ಪಿದರು.

ಸಂಜೆ ಗೇಟಿನ ಬಳಿ ಬಾಳೇಶ ನಿಂತಿದ್ದ.

"ಸಿಟ್ಟ ಹ್ವಾತೇನ್ರಿ?"

"ಸಿಟ್ಟಲ್ಲ... ನೀವು ಹೇಳಿದ್ದು ಖರೇ ಇತ್ತು, ಅದಕ್ಕ ನೋವಾತು."

ಅವನು ತಲೆ ತಗ್ಗಿಸಿದ. "ನನಗೂ ಒಂದ ಮಾತ ಕೇಳೂದೈತ್ರಿ. ಅಂಜಿಕಿ ಬರತೈತಿ. ನೀವು ಆಫೀಸಿನವರು, ನಾ ಕುರಿ ಕಾಯೋರ ಮಗ..."

"ಕೇಳ್ರಿ."

"ನನ್ನ ಕೂಡ ಲಗ್ನ ಆಗಿ ಬಾಳೇವು ಮಾಡ್ತೀರೇನ್ರಿ?"

ಅವಳ ಕಣ್ಣು ತುಂಬಿತು. "ಹೂಂ..! ಆದ್ರ ನಮ್ಮಪ್ಪ ಲಗೂನ ಒಪ್ಪಂಗಿಲ್ಲ. ಮೊದಲ ನಾನ ಹೋಗಿ..." ಅವಳು ಮಾತನ್ನು ನಡುವೆಯೇ ನಿಲ್ಲಿಸಿದಳು. "ಬ್ಯಾಡ. ಇಬ್ಬರೂ ಕೂಡಿ ಹೋಗೂಣು. ಬರ್ತೀರಿಲ್ಲೋ?"

"ಈಗ ಬರ್ಲೇನ್ರಿ?"

ಅವಳು ಕಣ್ಣೊರೆಸಿಕೊಳ್ಳುತ್ತ ನಕ್ಕಳು.

"ಮೊದಲ ಆ ಕೈಯಾಗಿನ ಗ್ರೀಸ್ ತೊಳಕೊಂಡ ಬರ್ರಿ!"