ದೇವರ ಗೂಡಿನಿಂದ ಹೋದ ಹಡಗಿನ ಟಿಕೆಟ್ಟು

ಶನಿವಾರ ಬೆಳಿಗ್ಗೆ ಸಿದ್ದಲಿಂಗವ್ವ ಬಂದು ಬೀಬಿಜಾನಳ ಹೊಸ್ತಿಲ ಹೊರಗೆ ಕುಳಿತಾಗ, ಒಳಗೆ ಕುಪ್ಪಸ ಹೊಲಿಯುತ್ತಿದ್ದ ನಜಮಾಳ ಬೆರಳಿಗೆ ಸೂಜಿ ಚುಚ್ಚಿತು. ಸಿದ್ದಲಿಂಗವ್ವ ಅಳುತ್ತಿರಲಿಲ್ಲ. ಅತ್ತಿದ್ದರೆ ನಜಮಾಳಿಗೆ ಎಷ್ಟೋ ಹಗುರಾಗುತ್ತಿತ್ತು.

“ಆಯಿ, ನಾಕೂ ಮನ್ಯಾಗ ಭಾಂಡಿ ತಿಕ್ಕೂದು ಬಿಡಿಸಿದ್ರು,” ಎಂದಳು ಅವಳು. “ನಾ ಕಳ್ಳಿ ಅಲ್ಲ. ಕದ್ದವರು ಯಾರು ಅಂತ ನೀನ ಹುಡುಕಿ ಕೊಡು. ಬ್ಯಾರೆ ಏನೂ ಬ್ಯಾಡ ನಂಗ.”

“ಗುರುವಾರ ಸೆರಗಿನ್ಯಾಗ ಏನ ಮುಚ್ಕೊಂಡು ಹೋದಿ?”

“ಅದೊಂದು ಕೇಳಬ್ಯಾಡ. ಮಾತು ಕೊಟ್ಟೀನಿ.”

ಬೀಬಿಜಾನ ಮತ್ತೆ ಕೇಳಲಿಲ್ಲ. ಎಪ್ಪತ್ತು ದಾಟಿದ ಸೂಲಗಿತ್ತಿ ಅವಳು. ಬೆಟಗೇರಿಯ ಅರ್ಧ ಊರು ಅವಳ ಕೈ ಮೇಲೆ ಹುಟ್ಟಿ ಬಂದದ್ದು. ಮುಳಗುಂದದ ಮದುವೆ ಮನೆಯಲ್ಲಿ ಕಳೆದ ನತ್ತನ್ನೂ ಲಕ್ಕುಂಡಿಯ ಬಾವಿಗೆ ಬಿತ್ತೆಂದು ಅತ್ತು ಮುಗಿಸಿದ್ದ ಬೆಳ್ಳಿ ಚೊಂಬನ್ನೂ ಕುಳಿತ ಜಾಗದಿಂದ ಏಳದೆ ಹುಡುಕಿ ಕೊಟ್ಟವಳೆಂದು ಹೆಸರು. ಇದು ಹೇಗೆ ಬಂತು ನಾನಿ ಎಂದು ಮೊಮ್ಮಗಳು ನಜಮಾ ಕೇಳಿದರೆ, ಹೆರುವಾಗ ಸುಳ್ಳು ಹೇಳುವ ತ್ರಾಣ ಯಾರಿಗೂ ಇರುವುದಿಲ್ಲ, ನಿಜದ ಮುಖ ಹೇಗಿರುತ್ತದೆಂದು ಅಲ್ಲೇ ಕಲಿತೆ ಎನ್ನುತ್ತಿದ್ದಳು.

ನಜಮಾ ಆ ಮುದುಕಿಯ ಕತೆಗಳನ್ನೇ ಉಂಡು ಬೆಳೆದವಳು. ಏಳು ಸಮುದ್ರದಾಚೆಯ ನಡುಗಡ್ಡೆ, ಅಲ್ಲಿ ಗಿಳಿಯೊಳಗೆ ಜೀವವಿಟ್ಟ ರಾಕ್ಷಸ, ಇವೆಲ್ಲ ಅವಳಿಗೆ ಬೆಟಗೇರಿಯ ಬಸ್ ನಿಲ್ದಾಣದಷ್ಟೇ ಪರಿಚಿತ. ಇಪ್ಪತ್ತೆರಡು ತುಂಬಿದರೂ ಕಂಡದ್ದಕ್ಕೆ ಒಂದು ಎಳೆ ಸೇರಿಸದೆ ಹೇಳಲು ಬರುತ್ತಿರಲಿಲ್ಲ. ಸಿದ್ದಲಿಂಗವ್ವನ ನಾಲ್ಕು ಮನೆಗಳನ್ನು ಕಳೆದದ್ದು ಅಂಥ ಒಂದು ಎಳೆ. ಅದು ನಜಮಾ ಒಬ್ಬಳಿಗೇ ಗೊತ್ತಿತ್ತು.

ನಡೆದದ್ದು ಇಷ್ಟು. ಹಿಂದಿನ ಓಣಿಯ ಗುರುರಾಜ ಅಂಚೆ ಕಚೇರಿಯಲ್ಲಿ ಗುಮಾಸ್ತ. ನಾಲ್ಕು ವರ್ಷಕ್ಕೊಮ್ಮೆ ದೇಶದ ಯಾವ ಮೂಲೆಗಾದರೂ ಹೋಗಿ ಬರಲು ಸರ್ಕಾರ ಕೊಡುವ ಸವಲತ್ತನ್ನು ಉಳಿದವರು ತಿರುಪತಿಗೋ ಕಾಶಿಗೋ ಬಳಸಿದರೆ, ಅವನು ಹೆಂಡತಿ ತಾರಾಬಾಯಿಯನ್ನು ಅಂಡಮಾನಿಗೆ ಕರೆದೊಯ್ಯುತ್ತೇನೆಂದು ಹಟ ಹಿಡಿದ. ಮಂತ್ರಾಲಯದ ಆಚೆ ಏನೂ ಕಾಣದ ಹುಡುಗಿ ಬೆಳ್ಳಗಿನ ಮರಳು ತುಳಿಯಲಿ ಎಂದು ಅವನ ಆಸೆ. ಪಡಸಾಲೆಯ ಗೋಡೆಗೆ ನಕಾಶೆ ಬಂತು. ಹಡಗಿನ ಮೇಲೆ ನಾಲ್ಕು ದಿನಕ್ಕೆ ಎಷ್ಟು ಅವಲಕ್ಕಿ, ಎಷ್ಟು ಚಟ್ನಿಪುಡಿ, ವಾಕರಿಕೆಗೆ ಎಷ್ಟು ನಿಂಬೆಹಣ್ಣು ಎಂದು ಗಂಡ ಹೆಂಡತಿ ವರ್ಷವಿಡೀ ಲೆಕ್ಕ ಹಾಕಿದರು. ತೂಗಾಟ ರೂಢಿಯಾಗಲೆಂದು ದಿನಾ ಅರ್ಧ ತಾಸು ತೂಗುಮಣೆಯ ಮೇಲೆ ಕೂರುವಂತೆ ಗುರುರಾಜ ಹೆಂಡತಿಗೆ ಅಪ್ಪಣೆ ಮಾಡಿದ್ದ. ಓಣಿಯವರು ಅದನ್ನು ನೋಡಲೆಂದೇ ಸಕ್ಕರೆ ಕೇಳುವ ನೆವದಲ್ಲಿ ಬರುತ್ತಿದ್ದರು.

ಅವನ ತಾಯಿ ಕಮಲಾಬಾಯಿಗೆ ಮಾತ್ರ ಸಮುದ್ರ ದಾಟುವುದೆಂದರೆ ಕುಲ ಮುಳುಗಿದಂತೆ. ಆದರೂ ಮದ್ರಾಸಿನ ಹಡಗು ಕಚೇರಿಯಿಂದ ಟಿಕೆಟ್ಟಿನ ಲಕೋಟೆ ಬಂದ ಮಂಗಳವಾರ ಅವರೇ ಅದರ ನಾಲ್ಕು ಮೂಲೆಗೆ ಕುಂಕುಮ ಹಚ್ಚಿ, ಮೇಲೊಂದು ತುಳಸಿ ಕುಡಿ ಇಟ್ಟು, ಹೊರಡುವ ಸೋಮವಾರದವರೆಗೂ ಇರಲೆಂದು ದೇವರ ಗೂಡಿನಲ್ಲಿರಿಸಿದರು. ಗುರುವಾರ ಮಧ್ಯಾಹ್ನ ಮೂರಕ್ಕೆ ಮಠದ ಪುರಾಣಕ್ಕೆ ಹೋಗಿ ಐದಕ್ಕೆ ಬಂದು ದೀಪ ಹಚ್ಚಲು ನೋಡಿದರೆ ಲಕೋಟೆ ಇಲ್ಲ. ಆ ಹಡಗು ತಪ್ಪಿದರೆ ಈ ಸವಲತ್ತಿನ ಅವಧಿಯೇ ಮುಗಿಯುತ್ತಿತ್ತು. ಮನೆಯನ್ನು ಅಡಿಮೇಲು ಮಾಡಿ ಹುಡುಕಿದರು, ಸಿಗಲಿಲ್ಲ.

ಶುಕ್ರವಾರ ನೀರಿನ ನಳದ ಹತ್ತಿರ ಹೆಂಗಸರು ಕಮಲಾಬಾಯಿಯ ಹೆಸರು ಹಿಡಿದು ಕಣ್ಣು ಮಿಟುಕಿಸುತ್ತಿದ್ದರು. ನಜಮಾಳಿಗೆ ಬಾಯಿ ತಡೆಯಲಿಲ್ಲ. ಗುರುವಾರ ನಾಲ್ಕರ ಸುಮಾರಿಗೆ ಸಿದ್ದಲಿಂಗವ್ವ ಗುರುರಾಜನ ಮನೆಯ ಹಿತ್ತಲ ಬಾಗಿಲಿನಿಂದ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಹೋದದ್ದನ್ನು ಹೇಳಿದಳು. ಅಲ್ಲಿಯವರೆಗೆ ನಿಜ. ಎಲ್ಲರೂ ಕೊಡ ಕೆಳಗಿಟ್ಟು ತನ್ನನ್ನೇ ನೋಡುತ್ತಿದ್ದಾರೆಂದು ಕಂಡಾಗ, ಕಾಗದದ ಅಂಚು ಕಾಣಿಸಿತು ಎಂದೂ ಸೇರಿಸಿದಳು. ಸಂಜೆಯೊಳಗೆ ನಾಲ್ಕೂ ಮನೆ ಹೋಗಿದ್ದವು.

ಶನಿವಾರ ಗುರುರಾಜನ ಮನೆಗೆ ಹೋಗುವ ದಾರಿಯಲ್ಲಿ ಬೀಬಿಜಾನ, ಈ ಸಲ ತಾರಾ ಕಡಿಗಿ ಕೂತಾಗ ನೀ ಹೋಗಿದ್ದೆಯಾ ಎಂದು ಕೇಳಿದಳು. ಹೋಗಿದ್ದೆ ಎಂದಳು ನಜಮಾ. ತಿಂಗಳ ಆ ಮೂರು ದಿನ ಮನೆಯವರು ಯಾರೂ ಮುಟ್ಟದೆ ತಾರಕ್ಕ ಹೊರ ಪಡಸಾಲೆಯ ಮೂಲೆಯಲ್ಲಿ ತನ್ನ ಚಾಪೆ, ಕಂಬಳಿ ಹಾಸಿಕೊಂಡು ಕೂರಬೇಕು. ಉಳಿದ ದಿನಗಳಲ್ಲಿ ಮೂರು ಮೊಳ ದೂರ ನಿಲ್ಲುವ ನಜಮಾ ಆಗ ಮಾತ್ರ ಅದೇ ಚಾಪೆಯ ಮೇಲೆ ಭುಜಕ್ಕೆ ಭುಜ ಹಚ್ಚಿ ಕೂರಬಹುದು. ಆ ಮೂರು ದಿನಕ್ಕಾಗಿ ಅವಳು ಕಾಯುತ್ತಿದ್ದಳು. ಹೋದ ತಿಂಗಳು ಕಾದದ್ದೇ ಬಂತು, ಬುಧವಾರ ಅಂತೂ ಚಾಪೆ ಹಾಸಿದ್ದು ಕಂಡು ಓಡಿದೆ, ಮೂರೂ ದಿನ ಹೋದೆ ಎಂದು ಹೇಳಿದಳು. ಬೀಬಿಜಾನ ನಡೆಯುತ್ತಿದ್ದವಳು ಒಂದು ಗಳಿಗೆ ನಿಂತು ಮತ್ತೆ ನಡೆದಳು.

ಅಲ್ಲಿ ಅವಳು ಕೇಳಿದ್ದು ಎರಡೇ ಪ್ರಶ್ನೆ. ಲಕೋಟೆಯ ಮೇಲಿದ್ದ ತುಳಸಿ ಕುಡಿ ಏನಾಯಿತೆಂದು ಕಮಲಾಬಾಯಿಯನ್ನು ಕೇಳಿದಳು. ನಿರ್ಮಾಲ್ಯದ ಬುಟ್ಟಿಯಲ್ಲಿತ್ತು, ಗುರುವಾರ ಬೆಳಿಗ್ಗೆ ಪೂಜೆಯಾದ ಮೇಲೆ ಆ ಬುಟ್ಟಿಯನ್ನು ತಾನೇ ಬರಿದು ಮಾಡಿದ್ದೆ, ಸಂಜೆ ನೋಡಿದರೆ ಅದರಲ್ಲಿ ಅದೊಂದೇ ಕುಡಿ ಎಂದರು ಅವರು. ತೂಗುಮಣೆಯ ಮೇಲೆ ಸಂಡಿಗೆ ಒಣಹಾಕಿದ್ದನ್ನು ತೋರಿಸಿ, ಹಡಗಿನ ರೂಢಿ ಯಾಕೆ ನಿಂತಿತೆಂದು ಗುರುರಾಜನನ್ನು ಕೇಳಿದಳು. ತಿಂಗಳಾಯಿತು, ಕೂತರೆ ತಲೆ ಸುತ್ತುತ್ತದೆ ಅನ್ನುತ್ತಾಳೆ ಎಂದ ಅವನು. ಆಮೇಲೆ ಬೀಬಿಜಾನ ಸಿದ್ದಲಿಂಗವ್ವನನ್ನೂ ಕರೆಸಿ ಎಲ್ಲರನ್ನೂ ಹೊರ ಪಡಸಾಲೆಯಲ್ಲಿ ಕೂಡಿಸಿದಳು. ಅಂದು ಬೆಳಿಗ್ಗೆ ತಲೆ ಮೇಲೆ ನೀರು ಹಾಕಿಕೊಂಡು ಒಳಗೆ ಬಂದಿದ್ದ ತಾರಾಬಾಯಿ ಬಾಗಿಲಿಗೆ ಆತು ನಿಂತಳು.

“ಮೊದಲ ನನ್ನ ಮನಿಂದ ಸುರು ಮಾಡ್ತೀನಿ,” ಎಂದಳು ಬೀಬಿಜಾನ. “ನಜಮಾ, ಕಾಗದದ ಅಂಚು ನೋಡಿದ್ದೇನು ನೀ?”

ಸಿದ್ದಲಿಂಗವ್ವ ತನ್ನ ಕಡೆ ನೋಡುತ್ತಿಲ್ಲ ಎಂಬುದೊಂದೇ ನಜಮಾಳಿಗೆ ಕಂಡಿತು. “ಇಲ್ಲ ನಾನಿ. ಉಬ್ಬಿದ್ದು ಕಂಡಿತ್ತು. ಕಾಗದ ನಾನ ಸೇರಿಸಿದೆ.”

ಬೀಬಿಜಾನ ಮೊಮ್ಮಗಳನ್ನು ಬೈಯಲಿಲ್ಲ, ಮುಂದುವರಿದಳು.

“ಈಗ ತುಳಸಿ. ಕಳ್ಳರು ಲಕೋಟಿ ಎಳಕೊಂಡು ಹೋಗ್ತಾರ, ಕುಡಿ ನೆಲಕ್ಕ ಬೀಳತೈತಿ. ಈ ಕಳ್ಳರು ಅದನ್ನ ಎತ್ತಿ ನಿರ್ಮಾಲ್ಯದ ಬುಟ್ಟಿಗೆ ಹಾಕ್ಯಾರ, ಯಾರೂ ತುಳಿಬಾರದು ಅಂತ. ಸಿದ್ದಲಿಂಗವ್ವ ಹಿತ್ತಲದಾಗ ಭಾಂಡಿ ತಿಕ್ಕಾಕಿ. ಆ ಬುಟ್ಟಿ ಎಲ್ಲಿರತೈತಿ ಅನ್ನೂದೂ ಆಕಿಗೆ ಗೊತ್ತಿಲ್ಲ. ಕೈಗೆ ರೂಢಿ ಆದವರು, ತಿಳೀದನ ಮಾಡಿದ ಕೆಲಸ ಅದು. ಅಂದ ಮ್ಯಾಲೆ ಈ ಮನಿಯವರ. ಇರೂದು ಮೂರ ಮಂದಿ.”

“ಹಂಗಾದ್ರ ನಾನಽ ಅನ್ನು,” ಎಂದರು ಕಮಲಾಬಾಯಿ. “ಓಣಿ ಎಲ್ಲಾ ಅಂತದ. ನೀ ಒಬ್ಬಾಕಿ ಉಳಿದಿದ್ದಿ.”

“ನೀವಾಗಿದ್ರ ಕುಡಿ ಬುಟ್ಟಿಯೊಳಗಿತ್ತು ಅಂತ ನನಗ ಹೇಳ್ತಿದ್ದಿಲ್ರಿ. ಮೂರರಿಂದ ಐದರ ತನಕ ನಿಮ್ಮನ್ನ ಮಠದಾಗ ಎಲ್ಲಾರೂ ನೋಡ್ಯಾರ. ರಾಯರು ಕಚೇರ್ಯಾಗಿದ್ರು. ಉಳಿದಾಕಿ ಒಬ್ಬಾಕಿ. ಆಕಿ ಕಡಿಗಿ ಕೂತಿದ್ಲು, ದೇವರ ಮನಿ ಹೊಸ್ತಿಲ ತುಳಿಯೂ ಹಂಗಿಲ್ಲ. ಅದಕ್ಕ ಆಕಿ ಹೆಸರು ಯಾರ ಬಾಯಾಗೂ ಬರಲಿಲ್ಲ.” ಬೀಬಿಜಾನ ಉಸಿರು ತೆಗೆದುಕೊಂಡಳು. “ಖರೇನ ಕಡಿಗಿ ಆದ ಹೆಣ್ಣು, ಪ್ರಾಣ ಹೋದ್ರೂ ಒಳಗ ಹೋಗೂದಿಲ್ಲ. ಹೋಗ್ಯಾಳ ಅಂದ್ರ, ಕಡಿಗಿ ಆಗೇ ಇಲ್ಲ. ಸುಮ್ಮನ ಕೂತಾಳ. ಹೋದ ತಿಂಗಳು ಕೂಡೂದ ಮರತಿದ್ಲು. ಅತ್ತಿ ತಿಂಗಳ ಎಣಿಸ್ಯಾರು ಅಂತ ಈ ಸಲ ಚಾಪಿ ಹಾಸಿದ್ಲು. ತೂಗುಮಣಿ ಆಗಿ ಬರೂದಿಲ್ಲ. ಉಂಡದ್ದು ನಿಲ್ಲೂದಿಲ್ಲ, ಅದಕ್ಕ ತಾಟಿನ್ಯಾಗಿನ ಅನ್ನ ಪತ್ರಾಳ್ಯಾಗ ಕಟ್ಟಿ ಸಿದ್ದಲಿಂಗವ್ವನ ಸೆರಗಿಗೆ ಹಾಕ್ತಾಳ. ಯಾರಿಗೂ ಹೇಳಬ್ಯಾಡ ಅಂತ ಮಾತು ತಗೊಂಡಾಳ. ಮುಂದಿಂದು ನಾ ಹೇಳೂ ಮಾತಲ್ಲ.”

ಮೂಲೆಯಲ್ಲಿ ಸುತ್ತಿಟ್ಟ ಚಾಪೆ, ಕಂಬಳಿಯ ಗಂಟನ್ನು ತೋರಿಸಿ, ಮನೆಯವರು ಯಾರೂ ಮುಟ್ಟದ್ದು ಅದೊಂದೇ, ಅದನ್ನು ಬಿಚ್ಚು ಎಂದು ನಜಮಾಳಿಗೆ ಹೇಳಿದಳು. ಲಕೋಟೆ ಕಂಬಳಿಯ ಎರಡನೆಯ ಮಡಿಕೆಯಲ್ಲಿತ್ತು. ಕುಂಕುಮ ಹಾಗೇ ಇತ್ತು. ನಿನ್ನೆ ಅದರ ಮೇಲೆಯೇ ಕುಳಿತು ತಾನು ಏಳು ಸಮುದ್ರದ ಕತೆ ಹೇಳಿದ್ದೆ ಎಂದು ನಜಮಾಳಿಗೆ ತಿಳಿಯಿತು. ತಾರಕ್ಕ ಈ ಸಲ ಹ್ಞೂಂಗುಟ್ಟಿದ್ದು ಕಡಿಮೆ ಎಂಬುದೂ ಆಗಲೇ ಹೊಳೆಯಿತು.

ತಾರಾಬಾಯಿ ಬಾಗಿಲು ಬಿಟ್ಟು ಈಚೆ ಬಂದಳು. ಗಂಡನ ಮುಖ ನೋಡದೆ ಮಾತಾಡಿದಳು. “ಎರಡು ಸಲ ಎಲ್ಲಾರಿಗೂ ಹೇಳಿದ್ದೆ. ಎರಡು ಸಲಾನೂ ಉಡಿ ತುಂಬಿದವರೇ ಮತ್ತೆ ಬಂದು ಸಮಾಧಾನ ಮಾಡಿ ಹೋದ್ರು. ಮೂರನೇ ಸಲ ಆ ಸಮಾಧಾನ ಕೇಳೂ ಶಕ್ತಿ ನನಗಿಲ್ಲ. ಐದು ತಿಂಗಳು ತುಂಬೂ ತನಕ ಬಾಯಿ ಬಿಡಬಾರದು ಅಂದುಕೊಂಡಿದ್ದೆ. ಹಡಗು ಹತ್ತಲಿಕ್ಕೂ ಅಂಜಿಕಿ. ಒಲ್ಲೆ ಅಂದ್ರ ಯಾಕ ಅಂತ ಇವರು ಕೇಳ್ತಾರ. ನಾಲ್ಕು ವರ್ಷ ಇವರು ಇದರ ಕನಸಽ ಕಂಡಾರ.”

“ಟಿಕೀಟು ಹೋದ್ರ ಯಾರನ್ನ ಹಿಡೀತಾರಂತ ತಿಳಿದಿದ್ದಿ?” ಎಂದು ಕೇಳಿದರು ಕಮಲಾಬಾಯಿ.

“ನಿಮ್ಮನ್ನ,” ಎಂದಳು ಸೊಸೆ. “ನಿಮಗ ಎದುರು ನಿಂತು ಯಾರೂ ಏನೂ ಅನ್ನೂದಿಲ್ಲ, ಎಂಟು ದಿನಕ್ಕ ಮರೀತಾರ ಅಂದುಕೊಂಡೆ. ಇಕಿ ಮ್ಯಾಲೆ ಬಂತು. ನಿನ್ನೆಯಿಂದ ಹತ್ತು ಸಲ ಬಾಯಿ ತೆಗೆದೆ, ಮಾತು ಹೊರಗ ಬರಲಿಲ್ಲ.” ಅವಳು ಸಿದ್ದಲಿಂಗವ್ವನ ಮುಂದೆ ನೆಲಕ್ಕೆ ಕುಳಿತುಬಿಟ್ಟಳು. ಬೀಬಿಜಾನ ಇನ್ನೊಂದು ಕಡೆ ಮುಖ ಮಾಡಿದಳು. ಎರಡನೆಯ ಬಸಿರು ಕಳೆದಾಗ, ಮುಂದೆ ನಿಂತರೆ ಮುಳಗುಂದದ ಬಸ್ಸನ್ನೂ ಹತ್ತಬೇಡ ಎಂದು ಆ ಹುಡುಗಿಯ ತಲೆಯಲ್ಲಿ ಭಯ ತುಂಬಿದವಳು ತಾನೇ ಎಂದು ಆಮೇಲೆ ಮೊಮ್ಮಗಳ ಹತ್ತಿರ ಹೇಳಿಕೊಂಡಳು.

ಗುರುರಾಜ ಬಹಳ ಹೊತ್ತು ಲಕೋಟೆಯನ್ನು ತಿರುವಿ ಹಾಕಿದ. ತನ್ನ ಆಸೆಗೆ ಹೆಂಡತಿ ಇಷ್ಟು ಹೆದರಿದ್ದಳೆಂಬುದೇ ಅವನಿಗೆ ಎಲ್ಲಕ್ಕಿಂತ ಚುಚ್ಚಿದಂತಿತ್ತು. ಕೊನೆಗೆ, “ಸಮುದ್ರ ಎಲ್ಲಿಗೂ ಹೋಗೂದಿಲ್ಲ. ಮುಂದಿನ ಸಲಕ್ಕ ಮೂರು ಟಿಕೀಟು ತೆಗಸಿದ್ರಾತು,” ಎಂದ.

“ಬಾಯಿ ಮುಚ್ಚು,” ಎಂದರು ಕಮಲಾಬಾಯಿ. “ಎಣಿಸಬಾರದು ಈಗ.” ಅಷ್ಟು ಹೇಳಿ, ಯಾರ ಕೈಲೂ ಆಗದ ಕೆಲಸವನ್ನು ಮಾಡಿದರು. ಸಿದ್ದಲಿಂಗವ್ವನಿಗೆ ಎರಡೂ ಕೈ ಜೋಡಿಸಿದರು. ಸಿದ್ದಲಿಂಗವ್ವ ಸೆರಗು ಕೊಡವಿ ಎದ್ದು ಹೊರಟುಹೋದಳು.

ಉಳಿದ ಮೂರು ಮನೆಗೆ ನಜಮಾ ಒಬ್ಬಳೇ ಹೋಗಿ ತನ್ನ ಸುಳ್ಳು ಒಪ್ಪಿಕೊಳ್ಳಬೇಕೆಂದು ಬೀಬಿಜಾನ ಕಟ್ಟಪ್ಪಣೆ ಮಾಡಿದಳು. ಮೊದಲ ಮನೆಯವರು ನಕ್ಕರು. ಎರಡನೆಯವರು, ಅಲ್ಲದಿದ್ದರೂ ಆ ಹೆಂಗಸಿನ ನಡತೆ ಅಷ್ಟಕ್ಕಷ್ಟೇ ಎಂದರು. ಮೂರನೆಯ ಮನೆಯ ಹಿತ್ತಲಲ್ಲಿ ಆಗಲೇ ಬೇರೊಬ್ಬಳು ಭಾಂಡಿ ತಿಕ್ಕುತ್ತಿದ್ದಳು. ತಾನು ಮಾತು ಆಡುವಾಗ ಕೊಡ ಇಳಿಸಿ ಕೇಳಿದ್ದವರು, ವಾಪಸು ಪಡೆಯುವಾಗ ಯಾರೂ ಕೈಯಲ್ಲಿದ್ದ ಕೆಲಸ ಬಿಡಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಅವಳು ಬಣ್ಣಗಾರರ ಓಣಿಯ ಕೊನೆಯ ಗುಡಿಸಲಿಗೆ ಬಂದಳು. ನೂಲಿಗೆ ಹಾಕಿ ಉಳಿದ ನೀಲಿ ನೀರು ಗಟಾರದಲ್ಲಿ ಹರಿಯುತ್ತಿತ್ತು. ಸಿದ್ದಲಿಂಗವ್ವ ರೊಟ್ಟಿ ಬಡಿಯುತ್ತಿದ್ದಳು. ಮೂರು ಮನೆಯಲ್ಲಿ ನಡೆದದ್ದನ್ನು ನಜಮಾ ಒಂದು ಎಳೆಯನ್ನೂ ಸೇರಿಸದೆ ಹೇಳಿದಳು.

“ತಾರವ್ವಗ ಹೇಳು, ಸೋಮವಾರದಿಂದ ಬರ್ತೀನಿ,” ಎಂದಳು ಸಿದ್ದಲಿಂಗವ್ವ. “ಆಕಿ ಈಗ ಕೊಡ ಎತ್ತಬಾರದು. ಉಳಿದವರು ಅವರವರ ಭಾಂಡಿ ಅವರ ತಿಕ್ಕೊಳ್ಳಿ. ನೀ ಒಂದ ಮಾತು ಸೇರಿಸಿದಿ, ನಾಕು ಮನಿಯವರು ತಟ್ಟನ ನಂಬಿದ್ರು. ನಿನ್ನ ಮ್ಯಾಲೆ ಸಿಟ್ಟು ಒಂದು ಪಾವು, ಅವರ ಮ್ಯಾಲೆ ಒಂದು ಚೀಲ.”

ನಜಮಾ ಹೋಗಲಿಲ್ಲ. “ನಂಗ ಮಾಫ ಮಾಡ್ತೀಯೇನು?” ಎಂದು ಕೇಳಿದಳು.

ಸಿದ್ದಲಿಂಗವ್ವ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಆಮೇಲೆ ತಲೆ ಎತ್ತಿದಳು.

“ಏನರ ಕೊಡಾಕ ಬಂದೀ ಅಂತ ಮಾಡಿದ್ದೆ,” ಎಂದಳು. “ನೀನೂ ಕೇಳಾಕ ಬಂದಿ.”